ಮೂರು ಪ್ಲೇಟುಗಳ ಪಾಠ
ದಿನಚರಿಯ ಪುಟಗಳು

25 ಆಗಸ್ಟ್ 2025, ಸೋಮವಾರ
ದಾವಣಗೆರೆ

ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಕ್ಕೆ ಏಳು ಮತ್ತು ಎಂಟನೇ ತರಗತಿಯ ಮಕ್ಕಳಿಗೆ ಒಂದು ಮಾತು, ಜೊತೆಗೆ ಗೋಡೆ ಪತ್ರಿಕೆ. ಎರಡನ್ನೂ ಹೆಡ್‌ಮಾಸ್ಟರು ನನಗೇ ವಹಿಸಿದ್ದಾರೆ. ಸಂತೋಷದಿಂದ ಒಪ್ಪಿಕೊಂಡೆ.

ಪ್ರತಿ ವರ್ಷ ಈ ದಿನ ಮಕ್ಕಳು ವಿಶ್ವೇಶ್ವರಯ್ಯನವರ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ. ಹುಟ್ಟಿದ್ದು 1861, ಊರು ಮುದ್ದೇನಹಳ್ಳಿ, ದಿವಾನರಾದದ್ದು 1912, ಭಾರತರತ್ನ 1955. ಒಂದೂ ತಪ್ಪುವುದಿಲ್ಲ. ಆದರೆ ಪುಣೆ ಹತ್ತಿರದ ಖಡಕವಾಸ್ಲಾದಲ್ಲಿ 1903ರಲ್ಲಿ ಅವರು ಕೂರಿಸಿದ ಗೇಟುಗಳು ನೀರು ಗೊತ್ತಾದ ಮಟ್ಟ ದಾಟಿದ ಕೂಡಲೇ ತಾವಾಗಿಯೇ ತೆರೆದುಕೊಳ್ಳುತ್ತಿದ್ದವಲ್ಲ, ಅದು ಹೇಗೆ ಎಂದು ಕೇಳಿದರೆ ತರಗತಿ ಮೌನ. ಮಕ್ಕಳಿಗೆ ಬಿರುದು ಗೊತ್ತು, ಕೆಲಸ ಗೊತ್ತಿಲ್ಲ. ಆ ಮಹಾನುಭಾವರು ಬದುಕಿದ್ದಿದ್ದರೆ ಮೊದಲು ಗೇಟಿನ ಬಗ್ಗೆಯೇ ಕೇಳುತ್ತಿದ್ದರು.

ಈ ಸಲ ಕೆಲಸದಿಂದಲೇ ಶುರುಮಾಡಬೇಕು. ಎಂಜಿನಿಯರ್ ಅಂದರೆ ಹಾರ ಹಾಕಿದ ಫೋಟೋ ಅಲ್ಲ, ಕೈಗೆ ಮಸಿ ಮೆತ್ತಿಕೊಂಡವನು ಎಂಬುದು ಮಕ್ಕಳ ಕಣ್ಣಿಗೆ ಕಾಣಬೇಕು. ಹದಿನಾಲ್ಕು ಕಿಲೋಮೀಟರ್ ಆಚೆ ಹರಿಹರ ಇದೆ. ನಮ್ಮ ಮಾವ ದುಡಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಯಂತ್ರಪುರ ಅಲ್ಲೇ ಇದೆ. ಬೇರೆಲ್ಲೂ ಹುಡುಕಬೇಕಾಗಿಲ್ಲ.

26 ಆಗಸ್ಟ್, ಮಂಗಳವಾರ

ಕಿರ್ಲೋಸ್ಕರ್ ಉದ್ಯಮವನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಬಗ್ಗೆ ಹೇಳುವುದೆಂದು ತೀರ್ಮಾನಿಸಿದೆ. ವಿಶ್ವೇಶ್ವರಯ್ಯನವರಿಗಿಂತ ಎಂಟು ವರ್ಷ ಚಿಕ್ಕವರು. 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಊರಿನವರು. ಆಗ ನಡೆಯುತ್ತಿದ್ದುದು ವಿಕ್ಟೋರಿಯಾ ರಾಣಿಯ ಆಳ್ವಿಕೆ. ರೈಲು, ಸೇತುವೆ, ಗಿರಣಿ, ಪಂಪು ಎಲ್ಲವೂ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದ ಕಾಲ.

ಹುಡುಗನಿಗೆ ಶಾಲೆಯ ಓದು ರುಚಿಸಲಿಲ್ಲ. ಚಿತ್ರ ಬರೆಯುವುದು, ಯಂತ್ರ ಬಿಚ್ಚಿ ನೋಡುವುದು ಎರಡೂ ಇಷ್ಟ. ಅಣ್ಣ ರಾಮುಅಣ್ಣನ ಬೆಂಬಲದಿಂದ ಮುಂಬೈಗೆ ಹೋಗಿ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಅಲ್ಲಿ ಗೊತ್ತಾಯಿತು, ಕೆಲವು ಬಣ್ಣಗಳನ್ನು ಅವರ ಕಣ್ಣು ಸರಿಯಾಗಿ ಗುರುತಿಸುವುದಿಲ್ಲ ಎಂದು. ಬಣ್ಣದ ಚಿತ್ರ ಬಿಟ್ಟರು, ಗೆರೆ ಬಿಡಲಿಲ್ಲ. ಯಂತ್ರಗಳ ನಕ್ಷೆ ಬರೆಯಲು ಬಣ್ಣ ಯಾಕೆ ಬೇಕು? ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಮೇಷ್ಟರಾದರು. ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷ ತುಂಬಿದ್ದರ ನೆನಪಿಗೆ 1887ರಲ್ಲಿ ಶುರುವಾದ ಸಂಸ್ಥೆ ಅದು.

ನನ್ನ ತರಗತಿಯಲ್ಲೂ ಕೆಂಪು ಹಸಿರು ಬೇರ್ಪಡಿಸಲಾಗದ ಒಬ್ಬ ಹುಡುಗನಿದ್ದಾನೆ. ಭೂಪಟ ತುಂಬುವಾಗ ಪಕ್ಕದವನನ್ನು ಕೇಳುತ್ತಾನೆ. ಅವನು ಈ ಕಥೆ ಕೇಳಲೇಬೇಕು. ಅವನ ಹೆಸರೆತ್ತದೆ, ಅವನ ಕಡೆ ನೋಡದೆ ಹೇಳಬೇಕು. ಅವನಿಗೆ ತಾನಾಗಿ ತಟ್ಟುತ್ತದೆ.

27 ಆಗಸ್ಟ್, ಬುಧವಾರ, ಗಣೇಶ ಚೌತಿ

ಹಬ್ಬ. ಬೆಳಗಿನಿಂದ ಅಡುಗೆಮನೆಯಲ್ಲೇ ಆಯಿತು. ಕೆ.ಟಿ.ಜೆ. ನಗರದ ನಮ್ಮ ಬೀದಿಯ ಹುಡುಗರು ಪೆಂಡಾಲಿನ ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತಿದ್ದರು. ಒಂದು ಕಡೆ ಬೋಲ್ಟಿಗೆ ನಟ್ಟು ಎರಡು ಸುತ್ತು ಹೋಗಿ ಕಚ್ಚಿಕೊಂಡಿತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಎರಡೂ ಅರ್ಧ ಇಂಚಿನವೇ. ಆದರೂ ಕೂಡಲಿಲ್ಲ. ಕೊನೆಗೆ ಬೈಂಡಿಂಗ್ ವೈರು ಸುತ್ತಿ ಗಟ್ಟಿ ಮಾಡಿದರು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆ ಬೋಲ್ಟು ನಟ್ಟು ಎರಡನ್ನೂ ಕೇಳಿ ಇಸಿದುಕೊಂಡು ಬ್ಯಾಗಿನಲ್ಲಿ ಹಾಕಿಟ್ಟೆ.

31 ಆಗಸ್ಟ್, ಭಾನುವಾರ
ಹರಿಹರ

ಮಾವನನ್ನು ನೋಡಲು ಹರಿಹರಕ್ಕೆ ಬಂದೆ. ತುಂಗಭದ್ರೆ ಕೆಂಪಗೆ ಹರಿಯುತ್ತಿದ್ದಾಳೆ. ಹಣ್ಣುಕಾಯಿ ಮಾಡಿಸಿಕೊಂಡು ಹರಿಹರೇಶ್ವರನ ದರ್ಶನ ಮುಗಿಸಿ ಹೊಳೆ ಕಡೆ ಹೋದೆ. ಹಳೆಯ ಸೇತುವೆ 1868ರಲ್ಲಿ ಮುಗಿದದ್ದು. ಕಲ್ಲು ಮತ್ತು ಇಟ್ಟಿಗೆಯ 14 ಕಮಾನುಗಳು, ಒಂದೊಂದರ ಅಗಲ 60 ಅಡಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆಂದು ಆಗಿನ ಸುಮಾರು ಮೂರೂವರೆ ಲಕ್ಷ ರೂಪಾಯಿಯಲ್ಲಿ ಕಟ್ಟಿದರು. ಲಕ್ಷ್ಮಣರಾವ್ ಹುಟ್ಟುವ ಹಿಂದಿನ ವರ್ಷ.

ಕಮಾನುಗಳು ಅರ್ಧ ವೃತ್ತವಲ್ಲ, ದೀರ್ಘವೃತ್ತ. ಯಾಕಿರಬಹುದು ಎಂದು ಮಕ್ಕಳನ್ನು ಕೇಳಬೇಕು. 60 ಅಡಿ ಅಗಲದ ಅರ್ಧ ವೃತ್ತ ಮಾಡಿದರೆ ಕಮಾನು 30 ಅಡಿ ಏಳುತ್ತದೆ. ರಸ್ತೆಯೂ ಅಷ್ಟೇ ಮೇಲಕ್ಕೇರಬೇಕು. ಎತ್ತಿನ ಗಾಡಿ ಆ ಏರು ಹತ್ತಬೇಕು. ಕಮಾನನ್ನು ಚಪ್ಪಟೆ ಮಾಡಿದರೆ ಅಗಲ ಅಷ್ಟೇ ಉಳಿದು ಏರು ಕಡಿಮೆಯಾಗುತ್ತದೆ. ಆದರೆ ಕಮಾನು ಚಪ್ಪಟೆಯಾದಷ್ಟೂ ಪಕ್ಕಕ್ಕೆ ಒದೆಯುವ ಬಲ ಹೆಚ್ಚು, ಅದನ್ನು ತಡೆಯಲು ಕಂಬಗಳು ಗಟ್ಟಿಯಿರಬೇಕು. ಒಂದನ್ನು ಪಡೆಯಲು ಇನ್ನೊಂದರ ಬೆಲೆ ತೆರಬೇಕು. ಎಂಜಿನಿಯರ್ ಕೂತು ಲೆಕ್ಕ ಹಾಕುವುದು ಇದನ್ನೇ.

ಮಧ್ಯಾಹ್ನ ಮಾವನ ಜೊತೆ ಯಂತ್ರಪುರದ ಕಡೆ ನಡೆದು ಹೋದೆವು. ಮೈಸೂರು ಕಿರ್ಲೋಸ್ಕರ್ ಇಲ್ಲಿ ಶುರುವಾದದ್ದು 1941ರಲ್ಲಿ, ಮೈಸೂರು ಸಂಸ್ಥಾನದ ನೆರವಿನಿಂದ. ಎರಡನೇ ಮಹಾಯುದ್ಧ ನಡೆಯುತ್ತಿತ್ತು, ಹೊರದೇಶದ ಯಂತ್ರ ಬರುವುದು ದುಸ್ತರವಾಗಿತ್ತು. ಲೇತ್ ಇಲ್ಲೇ ಆಗಬೇಕಿತ್ತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಹರಿಹರದ ಲೇತುಗಳು ದೇಶದ ವರ್ಕ್‌ಶಾಪುಗಳಿಗೆ, ಐಟಿಐಗಳಿಗೆ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕದ ಮೇಲಾಯಿತು. ಲೇತುಗಳು ಮಾತ್ರ ಎಷ್ಟೋ ಕಡೆ ಇನ್ನೂ ಓಡುತ್ತಿವೆ. ಹರಿಹರದಲ್ಲೇ ಇರುವ ಮೈದುನನ ಲೇತ್ ಅಂಗಡಿಯಲ್ಲಿರುವುದೂ ಅದೇ.

ಮಾವ ಫಿಟ್ಟರ್ ಆಗಿದ್ದವರು. ಅವರ ಕೆಲಸ ಸ್ಕ್ರೇಪಿಂಗ್. ಲೇತಿನ ಬೆಡ್ ಅಂದರೆ ಟೂಲ್ ಹೊತ್ತ ಸ್ಯಾಡಲ್ ಅತ್ತಿತ್ತ ಜಾರುವ ಉದ್ದನೆಯ ಹಳಿ. ಅದು ನೇರವಿದ್ದರೆ ಮಾತ್ರ ಲೇತ್ ಕಡೆಯುವ ಜಾಬ್ ನೇರ.

“ಮಿಷನ್ನಾಗೆ ಬಂದ ಮೇಲೂ ನಾವು ಕೈಲಿ ಕೆರೀತಿದ್ವಿ ನೋಡಮ್ಮ,” ಅಂದರು. “ಬ್ಲೂ ಹಚ್ಚಿ ಸ್ಟ್ರೈಟ್ ಎಡ್ಜ್ ಎಳೆಯೋದು. ಎಲ್ಲಿ ಬಣ್ಣ ಹತ್ತುತ್ತೋ ಅಲ್ಲಿ ಉಬ್ಬು ಐತೆ ಅಂತ. ಅಷ್ಟನ್ನೇ ಕೆರೀಬೇಕು, ಪಕ್ಕದ್ದು ಮುಟ್ಟಬಾರದು. ಮತ್ತೆ ಬ್ಲೂ ಹಚ್ಚು, ಮತ್ತೆ ಎಳಿ. ಅವಸರ ಮಾಡಿದೋನ ಬೆಡ್ ವಾಪಸ್ ಬರ್ತಿತ್ತು.”

“ಮಕ್ಕಳಿಗೆ ಇದನ್ನು ಬಂದು ತೋರಿಸ್ತೀರಾ ಮಾವ?”

ಒಂದು ಕ್ಷಣ ಸುಮ್ಮನಿದ್ದು, “ಮೂರು ಪ್ಲೇಟ್ ಸಿದ್ಧ ಮಾಡ್ಕೊಂಡ್ ಬರ್ತೀನಿ. ಎರಡು ಸಾಲಲ್ಲ,” ಅಂದರು. ಮೂರೇ ಯಾಕೆ ಎಂದು ಕೇಳಿದ್ದಕ್ಕೆ, “ಅಂಗಡಿಗೆ ಬಾ, ಕೈಯಾಗೆ ಹಿಡಿದು ನೋಡು,” ಅಂದರು.

3 ಸೆಪ್ಟೆಂಬರ್, ಬುಧವಾರ
ದಾವಣಗೆರೆ

ಎಂಟನೇ ತರಗತಿಯ ಹುಡುಗನೊಬ್ಬ ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಕಬ್ಬಿಣದ ನೇಗಿಲಿನ ಗುಳ ತಂದಿದ್ದ. ಮೇಜಿನ ಮೇಲಿಟ್ಟು ಎಲ್ಲರನ್ನೂ ಸುತ್ತ ನಿಲ್ಲಿಸಿದೆ. ಬೀಡು ಕಬ್ಬಿಣ. ತುದಿ ಸವೆದು ಮೊಂಡಾಗಿದೆ. ಹಿಂದೆ ಬೋಲ್ಟಿಗೆ ಎರಡು ತೂತು. ಗುಳ ಸವೆದರೆ ಇಡೀ ನೇಗಿಲು ಎಸೆಯಬೇಕಾಗಿಲ್ಲ, ಎರಡು ಬೋಲ್ಟು ಬಿಚ್ಚಿ ಹೊಸ ಗುಳ ಹಾಕಿದರಾಯಿತು. ಹೊಸ ಗುಳದ ತೂತು ಹಳೆಯದರಷ್ಟೇ ದೂರದಲ್ಲಿ, ಅಷ್ಟೇ ಗಾತ್ರದಲ್ಲಿ ಇದ್ದರೆ ಮಾತ್ರ. ನೂಲಿನಷ್ಟು ಆಚೀಚೆಯಾದರೂ ರೈತ ಹೊಲದಲ್ಲಿ ನಿಂತು ಪರದಾಡಬೇಕು. “ನಿಖರತೆ ಬೇಕಾಗಿರುವುದು ಕಾರ್ಖಾನೆಯವನಿಗಲ್ಲ, ಹೊಲದಲ್ಲಿರುವವನಿಗೆ” ಎಂದು ಹೇಳಿದೆ. ಈ ಮಾತನ್ನು ಮಕ್ಕಳು ಮರೆಯಬಾರದು.

ಅಲ್ಲಿಂದ ಲಕ್ಷ್ಮಣರಾಯರ ಕಥೆಗೆ ಬಂದೆ. ಮುಂಬೈಯ ಸಂಸ್ಥೆಯಲ್ಲಿ ಬಡ್ತಿ ಸಿಗಬೇಕಾದ ಕಡೆ ಸಿಗದೆ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಣ್ಣನ ಜೊತೆ 1888ರಲ್ಲೇ ಶುರುವಾಗಿದ್ದ ಸೈಕಲ್ ಅಂಗಡಿ ಇತ್ತು, ಊರಲ್ಲಿ ಸೈಕಲ್ ಅಂದರೆ ಜನ ನಿಂತು ನೋಡುವ ಕಾಲ. ಆಮೇಲೆ ಮೇವು ಕತ್ತರಿಸುವ ಯಂತ್ರ ಮಾಡಿದರು, ಬಳಿಕ ಕಬ್ಬಿಣದ ನೇಗಿಲು.

ಮರದ ನೇಗಿಲು ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗೆ ಬಾಗಿದ ರೆಕ್ಕೆ ಇರುತ್ತದೆ. ಅದು ಮಣ್ಣನ್ನು ತಲೆಕೆಳಗು ಮಾಡಿ ಕಳೆಯನ್ನು ಅಡಿಗೆ ಹಾಕುತ್ತದೆ. ಇಷ್ಟು ಒಳ್ಳೆಯದನ್ನು ಮಾಡಿಟ್ಟರೂ ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಯ ರೈತರಿಗೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತು.

ಮಕ್ಕಳು ನಕ್ಕರು. ನಗಬಾರದು ಎಂದೆ. ಒಂದು ಹಂಗಾಮು ಕೈಕೊಟ್ಟರೆ ರೈತನ ಮನೆಯಲ್ಲಿ ವರ್ಷದ ಊಟ ಹೋಯಿತು. ಗೊತ್ತಿಲ್ಲದ ವಸ್ತುವನ್ನು ಅವನು ನಂಬುವ ಮೊದಲು ನೋಡಬೇಕು, ನೋಡಿದ್ದನ್ನು ಮತ್ತೆ ನೋಡಬೇಕು. ರೈತನಿಗೆ ತಿಳಿವಳಿಕೆ ಇಲ್ಲ ಎಂದು ಬೈದು ಲಕ್ಷ್ಮಣರಾವ್ ಬಾಗಿಲು ಹಾಕಿಕೊಂಡಿದ್ದರೆ ಇವತ್ತು ಅವರ ಹೆಸರು ಯಾರಿಗೆ ಗೊತ್ತಿರುತ್ತಿತ್ತು? ನೇಗಿಲನ್ನು ಸುಧಾರಿಸುತ್ತ ಹೋದರು.

ಗುಳ ತಂದ ಹುಡುಗ ಒಳ್ಳೆಯ ಪ್ರಶ್ನೆ ಕೇಳಿದ: “ಮಿಸ್, ಬೀಡು ಒಡೆಯುತ್ತಲ್ಲ, ಗುಳಕ್ಕೆ ಯಾಕೆ ಹಾಕ್ತಾರೆ?” ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ರಾಬರ್ಟ್ ರಾನ್ಸಮ್ 1803ರಲ್ಲಿ ಪೇಟೆಂಟ್ ಪಡೆದ ಉಪಾಯವನ್ನು ಹೇಳಿದೆ. ಕಾದ ಬೀಡನ್ನು ಪೂರ್ತಿ ಮರಳಿನ ಅಚ್ಚಿಗೆ ಹೊಯ್ಯುವ ಬದಲು ಅಡಿಭಾಗಕ್ಕೆ ಕಬ್ಬಿಣದ ಅಚ್ಚು ಇಡುವುದು. ತಣ್ಣನೆ ಕಬ್ಬಿಣ ತಾಗಿದ ಕಡೆ ಬೀಡು ಥಟ್ಟನೆ ಆರಿ ತುಂಬಾ ಗಡಸಾಗುತ್ತದೆ, ಮೇಲ್ಭಾಗ ನಿಧಾನವಾಗಿ ಆರಿ ಮೆದುವಾಗಿ ಉಳಿಯುತ್ತದೆ. ಉಳುವಾಗ ಮೇಲಿನ ಮೆದು ಭಾಗ ಮೊದಲು ಸವೆಯುವುದರಿಂದ ಅಡಿಯ ಅಂಚು ತಾನಾಗಿಯೇ ಹರಿತವಾಗಿರುತ್ತದೆ. ಹುಡುಗ ಗುಳವನ್ನು ತಿರುಗಿಸಿ ಅಡಿಭಾಗವನ್ನು ಬಹಳ ಹೊತ್ತು ಉಗುರಿನಿಂದ ಕೆರೆದು ನೋಡಿದ.

5 ಸೆಪ್ಟೆಂಬರ್, ಶುಕ್ರವಾರ

ಶಿಕ್ಷಕರ ದಿನಾಚರಣೆ. ಹೂಗುಚ್ಛ, ಭಾಷಣ. ರಾತ್ರಿ ಗೋಡೆ ಪತ್ರಿಕೆಗೆ ಕಿರ್ಲೋಸ್ಕರವಾಡಿಯ ಭಾಗ ಬರೆದು ಮುಗಿಸಿದೆ.

ಬೆಳಗಾವಿಯಲ್ಲಿ ಪುರಸಭೆಗೆ ಬಡಾವಣೆಗೆಂದು ಜಾಗ ಬೇಕಾಯಿತು, ಕಾರ್ಖಾನೆ ಎತ್ತಬೇಕಾಯಿತು. ಆಗ ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿ ಕೊಟ್ಟು, ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ, ಹಾವು ತುಂಬಿದ ಜಾಗ. 1910ರಲ್ಲಿ ಲಕ್ಷ್ಮಣರಾವ್ ಅಲ್ಲಿ ಕೆಲಸಗಾರರ ಜೊತೆ ಸೇರಿ ಕಿರ್ಲೋಸ್ಕರವಾಡಿ ಎಂಬ ಊರನ್ನೇ ಕಟ್ಟಿದರು. ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ಕಾವಲಿಗೆ ಇಟ್ಟುಕೊಂಡರು. ಮುಟ್ಟಿಸಿಕೊಳ್ಳಬಾರದು ಎನ್ನುವ ಪದ್ಧತಿಗೆ ತಮ್ಮ ಊರಲ್ಲಿ ಜಾಗ ಕೊಡಲಿಲ್ಲ. ಯಂತ್ರ ಕಟ್ಟುವವನು ಮನುಷ್ಯರನ್ನೂ ಕೂಡಿಸಬಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಕಿರ್ಲೋಸ್ಕರವಾಡಿಯ ಮುಂದಿನ ತಲೆಮಾರು ಹರಿಹರದಲ್ಲಿ ಕಾರ್ಖಾನೆ ಹಾಕಿದಾಗ ಅದರ ಸುತ್ತಲೂ ಒಂದು ಊರು ಬೆಳೆಯಿತು, ಅದೇ ಯಂತ್ರಪುರ. ಲಕ್ಷ್ಮಣರಾವ್ ತೀರಿಕೊಂಡದ್ದು 1956ರಲ್ಲಿ. 1969ರಲ್ಲಿ, ಹುಟ್ಟಿ ನೂರು ವರ್ಷ ತುಂಬಿದಾಗ, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು.

7 ಸೆಪ್ಟೆಂಬರ್, ಭಾನುವಾರ

ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಪೆಂಡಾಲಿನ ಬೋಲ್ಟು ನಟ್ಟು ತೋರಿಸಿದೆ. ಅಂಗಡಿಯವರು ಥ್ರೆಡ್ ಗೇಜಿನ ಹಲ್ಲು ಇಟ್ಟು ನೋಡಿದ ಕೂಡಲೇ, “ಮೇಡಂ, ನಟ್ಟು ವಿಟ್‌ವರ್ತು, ಬೋಲ್ಟು ಅಮೆರಿಕನ್ನು. ಕೂಡಂಗಿಲ್ಲ ಬಿಡ್ರಿ,” ಅಂದರು. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಥ್ರೆಡ್, ಥ್ರೆಡ್ಡಿನ ಕೋನ 55 ಡಿಗ್ರಿ. ಅದೇ ಗಾತ್ರದ ಅಮೆರಿಕನ್ ಬೋಲ್ಟಿಗೆ ಇಂಚಿಗೆ 13, ಕೋನ 60. ಮೊದಲ ಒಂದೆರಡು ಸುತ್ತಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಸುತ್ತು ಹೆಚ್ಚಿದಂತೆ ಅದು ಕೂಡುತ್ತ ಹೋಗಿ ಕಚ್ಚಿಕೊಳ್ಳುತ್ತದೆ. ಮಕ್ಕಳು ಸ್ಕೇಲ್ ಇಟ್ಟು ತಾವೇ ಎಣಿಸಲಿ ಎಂದು ಎರಡೂ ಬಗೆಯ ಬೋಲ್ಟು ನಟ್ಟುಗಳನ್ನು ಬೊಗಸೆ ತುಂಬ ಕೊಂಡು ತಂದೆ.

ನೂರ ಎಂಬತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಈ ಅಳತೆ ಗೊತ್ತುಮಾಡಿದ ವಿಟ್‌ವರ್ತ್ ಎಂಬಾತನ ಹೆಸರು ದಾವಣಗೆರೆಯ ಅಂಗಡಿ ಕಟ್ಟೆಯ ಮೇಲೆ ಇವತ್ತೂ ಆಡುತ್ತಿದೆ. ಆ ಮನುಷ್ಯನ ಬಗ್ಗೆಯೂ ಮಕ್ಕಳಿಗೆ ಹೇಳಬೇಕು.

ಇವತ್ತು ರಾತ್ರಿ ಖಗ್ರಾಸ ಚಂದ್ರಗ್ರಹಣ. ಮಕ್ಕಳಿಗೆಲ್ಲ ಮಹಡಿ ಹತ್ತಿ ನೋಡಿ ಎಂದು ಹೇಳಿದ್ದೇನೆ. ನಾನೂ ಹೋಗುತ್ತೇನೆ.

10 ಸೆಪ್ಟೆಂಬರ್, ಬುಧವಾರ

ಜೋಸೆಫ್ ವಿಟ್‌ವರ್ತ್, 1803ರಿಂದ 1887. ಹದಿನಾಲ್ಕನೇ ವಯಸ್ಸಿಗೆ ಸೋದರಮಾವನೊಬ್ಬನ ಹತ್ತಿ ಗಿರಣಿ ಸೇರಿದವನು. ನೂಲಿಗಿಂತ ನೂಲು ತೆಗೆಯುವ ಯಂತ್ರದ ಮೇಲೇ ಅವನ ಕಣ್ಣು. ಲಂಡನ್ನಿಗೆ ಹೋಗಿ ಹೆನ್ರಿ ಮಾಡ್ಸ್ಲಿಯ ಕಾರ್ಖಾನೆಯಲ್ಲಿ ಪಳಗಿ, 1833ರಲ್ಲಿ ಮ್ಯಾಂಚೆಸ್ಟರಿನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವನ್ನು ಕಂಡ ಅಜ್ಜ ಅಜ್ಜಿಯರು ನನ್ನ ಮಕ್ಕಳ ಮನೆಗಳಲ್ಲಿ ಇನ್ನೂ ಇದ್ದಾರೆ. ಗಿರಣಿಯ ಸೀಟಿಗೆ ಎದ್ದು ಹೊರಡುತ್ತಿದ್ದವರ ಮೊಮ್ಮಕ್ಕಳಿಗೆ ಈ ಗಿರಣಿ ಹುಡುಗ ದೂರದವನಲ್ಲ.

ಆಗ ಒಂದೊಂದು ವರ್ಕ್‌ಶಾಪಿನದು ಒಂದೊಂದು ಥ್ರೆಡ್. ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಕೂರುತ್ತಿರಲಿಲ್ಲ. ವಿಟ್‌ವರ್ತ್ ತನ್ನದೇ ಸರಿ ಎಂದು ಹಠ ಹಿಡಿಯಲಿಲ್ಲ. ಬೇರೆ ಬೇರೆ ವರ್ಕ್‌ಶಾಪುಗಳ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದ. ಎಲ್ಲರ ಪದ್ಧತಿಗೂ ಹತ್ತಿರವಿದ್ದದ್ದರಿಂದ 1841ರಲ್ಲಿ ಅವನು ಮುಂದಿಟ್ಟ ಅಳತೆಯನ್ನು ರೈಲ್ವೆಗಳು ಒಪ್ಪಿಕೊಂಡವು, ಆಮೇಲೆ ದೇಶವೇ ಒಪ್ಪಿತು. ಬ್ರಿಟಿಷರ ರೈಲು, ಪಂಪುಗಳ ಜೊತೆ ನಮ್ಮಲ್ಲಿಗೂ ಬಂತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಇಂಚಿನ ಹತ್ತು ಲಕ್ಷದಲ್ಲೊಂದು ಪಾಲನ್ನು ತೋರಿಸುವ ಅಳತೆಯ ಯಂತ್ರ ಇಟ್ಟಿದ್ದ. ಹಣ ಬಂದಾಗ ಯಂತ್ರ ಕಲಿಯುವ ಹುಡುಗರಿಗೆಂದು 1868ರಲ್ಲಿ ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನ ಇಟ್ಟ.

ಏಳನೇ ತರಗತಿಯಲ್ಲಿ ಇದರ ಸುಳಿವು ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: “ಮಿಸ್, ಲೇತ್ ಮಾಡೋಕೆ ಲೇತ್ ಬೇಕು ಅಂದ್ರಿ. ಮೊದಲನೇ ಲೇತ್ ಯಾವ ಲೇತಲ್ಲಿ ಮಾಡಿದ್ರು? ಅಳೆಯೋ ಪಟ್ಟಿ ನೇರ ಇದೆ ಅಂತ ಯಾವ ಪಟ್ಟಿಯಿಂದ ನೋಡಿದ್ರು?”

ಇಷ್ಟು ವರ್ಷದ ಪಾಠದಲ್ಲಿ ಇಂಥ ಪ್ರಶ್ನೆ ನನಗೆ ಬಂದಿರಲಿಲ್ಲ. ಸೋಮವಾರ ಕೈಯಲ್ಲಿ ಹಿಡಿದು ಉತ್ತರ ನೋಡೋಣ ಎಂದೆ. ಮಾವ ಮೂರು ಪ್ಲೇಟು ಅಂದದ್ದು ಇದಕ್ಕೇ ಇರಬೇಕು.

13 ಸೆಪ್ಟೆಂಬರ್, ಶನಿವಾರ
ಹರಿಹರ

ಅರ್ಧ ದಿನದ ಶಾಲೆ ಮುಗಿಸಿ ನೇರ ಮೈದುನನ ಅಂಗಡಿಗೆ ಬಂದೆ. ಮಾವ ಅಂಗೈ ಅಗಲದ ಮೂರು ಬೀಡಿನ ಪ್ಲೇಟುಗಳನ್ನು ವೈಸಿನಲ್ಲಿ ಹಿಡಿದು ವಾರವಿಡೀ ಕೆರೆದು ಸಿದ್ಧ ಮಾಡಿದ್ದಾರೆ. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ. ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೆ ಒತ್ತಿಕೊಂಡು ಮೈಯ ಭಾರವನ್ನೇ ಮುಂದಕ್ಕೆ ತಳ್ಳುತ್ತಾರೆ. ಪ್ರತಿ ತಳ್ಳಿಗೂ ಚಿಟಿಕೆ ಪುಡಿ ಏಳುತ್ತದೆ, ಅಷ್ಟೇ. ಆ ಪುಡಿಯನ್ನು ಕುಂಚದಿಂದ ಹೊಡೆದು, ಬೆರಳ ತುದಿಯಿಂದ ಮೇಲೆಲ್ಲ ಸವರಿ ನೋಡುತ್ತಾರೆ.

ಮೂರೇ ಯಾಕೆ ಎಂಬುದು ಇವತ್ತು ಅರ್ಥವಾಯಿತು. ಎರಡೇ ಪ್ಲೇಟು ತೆಗೆದುಕೊಂಡು ಒಂದರ ಮೇಲೊಂದು ಉಜ್ಜಿ, ಬಣ್ಣ ಹತ್ತಿದ್ದನ್ನು ಕೆರೆಯುತ್ತ ಹೋದರೆ ಎರಡೂ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಆದರೆ ಒಂದು ಉಬ್ಬಿ ಇನ್ನೊಂದು ತಗ್ಗಿ ಹೊಂದಿಕೊಂಡಿರಬಹುದು, ತಟ್ಟೆಯೊಳಗೆ ತಟ್ಟೆ ಕೂತ ಹಾಗೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಮೂರನೆಯದನ್ನು ತಂದು ಉಬ್ಬಿದ ಒಂದನೆಯದಕ್ಕೆ ಹೊಂದಿಸಿದರೆ ಅದೂ ತಗ್ಗುತ್ತದೆ. ಈಗ ಎರಡನೆಯದನ್ನೂ ಮೂರನೆಯದನ್ನೂ ಎದುರುಬದುರು ಇಟ್ಟರೆ ಎರಡೂ ತಗ್ಗು, ಅಂಚಿನಲ್ಲಿ ಮಾತ್ರ ತಾಗುತ್ತವೆ. ದೋಷ ಬಯಲಿಗೆ ಬಂತು. ಅದನ್ನು ತಿದ್ದಿ, ತಿರುಗಿಸಿ ಇಟ್ಟು, ಮತ್ತೆ ಮೂರನ್ನೂ ಸರದಿಯಂತೆ ನೋಡಬೇಕು. ಯಾವ ಎರಡನ್ನು ಇಟ್ಟರೂ ಮೈತುಂಬ ಚುಕ್ಕೆ ಹತ್ತಿದರೆ ಮೂರೂ ಸಪಾಟು. ಬೇರೆ ದಾರಿಯೇ ಇಲ್ಲ.

ಪಟ್ಟಿ ಬೇಡ, ಲೇತ್ ಬೇಡ, ಮಾದರಿ ಬೇಡ. ಮೂರು ಒರಟು ಕಬ್ಬಿಣದ ತುಂಡುಗಳು ಒಂದನ್ನೊಂದು ತಿದ್ದಿಕೊಂಡು ನಿಖರತೆಯನ್ನು ಹುಟ್ಟಿಸುತ್ತವೆ. ಎಮರಿ ಪುಡಿ ಹಾಕಿ ಉಜ್ಜುವುದನ್ನು ಬಿಟ್ಟು ಸ್ಕ್ರೇಪರಿನಿಂದ ಕೆರೆಯುವುದೇ ಸರಿ ಎಂದು ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದಲ್ಲಿ ವಿದ್ವಾಂಸರ ಮುಂದೆ ಮಂಡಿಸಿದ್ದ. ಯಂತ್ರಪುರದ ಬೆಡ್ಡುಗಳ ಮೇಲೆ ಮಾವ ಮಾಡುತ್ತಿದ್ದದ್ದೂ ಆ ವಿದ್ಯೆಯನ್ನೇ. ಹುಡುಗಿಯ ಪ್ರಶ್ನೆಗೆ ಇದೇ ಉತ್ತರ.

ಸಂಜೆ ಮೈದುನ ಲೇತಿನಲ್ಲಿ ಒಂದು ವಿಟ್‌ವರ್ತ್ ಥ್ರೆಡ್ ಕಡೆದು ತೋರಿಸಿದ. ಟೂಲನ್ನು 55 ಡಿಗ್ರಿಗೆ ಗ್ರೈಂಡ್ ಮಾಡಿ, ಗೇರ್ ಬದಲಿಸಿ, ಲಿವರ್ ಒತ್ತಿದ ಕೂಡಲೇ ಸ್ಯಾಡಲ್ ಲೀಡ್ ಸ್ಕ್ರೂ ಹಿಡಿದು ಹೊರಟಿತು. ಉದ್ದನೆಯ ಆ ಸ್ಕ್ರೂವಿನ ಥ್ರೆಡ್ ಸರಿಯಿದ್ದರೆ ಅದರಿಂದ ಹುಟ್ಟುವ ಸಾವಿರ ಬೋಲ್ಟಿನದೂ ಸರಿ. ಚಕ್ಕಿನ ಪಕ್ಕದಲ್ಲಿ ಹರಿಹರದ ಹೆಸರಿನ ತಗಡು ಉಜ್ಜಿ ಉಜ್ಜಿ ಹೊಳೆಯುತ್ತಿದೆ.

15 ಸೆಪ್ಟೆಂಬರ್, ಸೋಮವಾರ
ದಾವಣಗೆರೆ

ಮಾವ ಎಂಟೂವರೆ ಬಸ್ಸಿಗೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಚೀಲದಲ್ಲಿ ಪ್ಲೇಟುಗಳು, ಬ್ಲೂ ಡಬ್ಬಿ, ಹಳೆಯ ಧೋತರದ ತುಂಡುಗಳು. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹೂ ಏರಿಸಿ ಕೈಮುಗಿದರು.

ನಾನು ಹತ್ತು ನಿಮಿಷ ಕಥೆ ಹೇಳಿದೆ. ಉಳಿದ ಹೊತ್ತು ಮಕ್ಕಳದು. ಒಂದು ಗುಂಪು ಬೋಲ್ಟಿನ ಥ್ರೆಡ್ ಎಣಿಸಿತು, 12 ಮತ್ತು 13. ಇನ್ನೊಂದು ಗುಂಪು ದಾರ, ಗೂಟ ಹಿಡಿದು ಹರಿಹರ ಸೇತುವೆಯ ಒಂದು ಕಮಾನನ್ನು ಅಂಗಳದ ಮಣ್ಣಿನಲ್ಲಿ ಬರೆಯಿತು. ಎರಡು ಗೂಟಕ್ಕೆ ದಾರ ಕಟ್ಟಿ ಕಡ್ಡಿ ಎಳೆದರೆ ದೀರ್ಘವೃತ್ತ ಬರುವುದನ್ನು ಕಂಡು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಅಚ್ಚುಕಟ್ಟಾಗಿ ಗೆರೆ ಎಳೆದವನು ಬಣ್ಣ ಗುರುತಿಸಲಾಗದ ಆ ಹುಡುಗ. ಗೋಡೆ ಪತ್ರಿಕೆಯ ನಕ್ಷೆಗಳನ್ನೆಲ್ಲ ಅವನೇ ಬರೆಯುತ್ತೇನೆ ಎಂದು ತಾನಾಗಿ ಬಂದು ಕೇಳಿದ.

ಪ್ಲೇಟುಗಳ ಮುಂದೆ ಸಾಲು ದೊಡ್ಡದಿತ್ತು. ಮಾವ ಬ್ಲೂ ಅನ್ನು ತೆಳ್ಳಗೆ ಸವರಲು ಕಲಿಸಿದರು. “ದಪ್ಪ ಹಚ್ಚಿದರೆ ಪ್ಲೇಟು ಸುಳ್ಳು ಹೇಳುತ್ತೆ ಮರಿ, ಇದ್ದೂ ಇಲ್ಲದಂಗೆ ಹಚ್ಚಬೇಕು.” ಪ್ರಶ್ನೆ ಕೇಳಿದ ಹುಡುಗಿ ಒಂದನೆಯದರ ಮೇಲೆ ಮೂರನೆಯದನ್ನು ಉಜ್ಜಿ ಎತ್ತಿ ಚುಕ್ಕೆ ನೋಡಿದಳು. ಒಂದು ಮೂಲೆಯಲ್ಲಿ ಚುಕ್ಕೆ ಇರಲಿಲ್ಲ. ಮಾವ ಬೇಕೆಂದೇ ಒಂದು ಮೂಲೆ ತಗ್ಗು ಬಿಟ್ಟು ತಂದಿದ್ದರು. ಯಾವ ಪ್ಲೇಟಿನ ತಪ್ಪು ಎಂದು ಕಂಡುಹಿಡಿಯಲು ಅವಳು ಸರದಿಯಂತೆ ಜೋಡಿ ಬದಲಿಸಿ, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಕೊನೆಗೆ, “ಅಜ್ಜ, ಮೂರನೇದು!” ಅಂದಳು. ಸರಿಯಾಗಿತ್ತು. ಯಾರೂ ಹೇಳಿಕೊಡದೆ, ಪುಸ್ತಕ ನೋಡದೆ ಅವಳು ಮಾಡಿದ್ದು ಎಂಜಿನಿಯರ್ ಕೆಲಸ.

16 ಸೆಪ್ಟೆಂಬರ್, ಮಂಗಳವಾರ

ಮಕ್ಕಳು ಪ್ರಶ್ನೆಪೆಟ್ಟಿಗೆಗೆ ಹಾಕಿದ ಚೀಟಿಗಳನ್ನು ಓದಿದೆ. “ಕಿರ್ಲೋಸ್ಕರ್ ಅವರ ಮೊದಲ ನೇಗಿಲು ಕೊಂಡವರ ಹೊಲ ಹೇಗಾಯ್ತು?” “ಖಡಕವಾಸ್ಲಾದ ಗೇಟು ಹೇಗೆ ತಾನೇ ತೆರೀತು?” ಈ ಎರಡನೆಯದನ್ನು ಹುಡುಗರೇ ಕೇಳಿದ್ದು ನನಗೆ ದೊಡ್ಡ ಬಹುಮಾನ. ಕೆಲಸವನ್ನು ಮುಟ್ಟಿ ನೋಡಿದ ಮಗು ಬಿರುದಿಗೆ ತೃಪ್ತಿಪಡುವುದಿಲ್ಲ.

ಒಂದು ಚೀಟಿಯಲ್ಲಿತ್ತು: “ಈಗ ಹರಿಹರದಲ್ಲಿ ಲೇತ್ ಯಾರು ಮಾಡ್ತಾರೆ?” ಯಂತ್ರಪುರದಲ್ಲಿ ಈಗ ಮಾಡುವುದಿಲ್ಲ. ಮಾಡಿದವರ ಕೈ ಇನ್ನೂ ಇದೆ. ಎಪ್ಪತ್ತು ಎಂಬತ್ತರ ವಯಸ್ಸಿನ ಟರ್ನರ್, ಫಿಟ್ಟರ್, ಮೋಲ್ಡರುಗಳು ಹರಿಹರದ ಮನೆಮನೆಯಲ್ಲಿದ್ದಾರೆ. ಅವರ ವಿದ್ಯೆ ಪುಸ್ತಕದಲ್ಲಿಲ್ಲ, ಸೊಂಟದ ಒತ್ತಿನಲ್ಲಿದೆ, ಬೆರಳ ತುದಿಯಲ್ಲಿದೆ. ಅದನ್ನು ಮಕ್ಕಳಿಗೆ ದಾಟಿಸದೆ ಬಿಟ್ಟರೆ ಆ ನಷ್ಟಕ್ಕೆ ನಾವೇ ಹೊಣೆ.

ಹೆಡ್‌ಮಾಸ್ಟರಿಗೆ ಅರ್ಜಿ ಬರೆದಿಟ್ಟಿದ್ದೇನೆ: ಅರ್ಧ ದಿನದ ಶನಿವಾರಗಳಂದು, ಪೋಷಕರ ಒಪ್ಪಿಗೆ ಪಡೆದು, ಎಂಟನೇ ತರಗತಿಯ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಹರಿಹರದ ವರ್ಕ್‌ಶಾಪಿಗೆ ಕರೆದೊಯ್ಯುವುದು. ಮೊದಲ ಪಾಠ ಸ್ಕ್ರೇಪಿಂಗ್, ಎರಡನೆಯದು ಥ್ರೆಡ್, ಮೂರನೆಯದು ಎರಕ. ಮಾವ ಇಬ್ಬರು ಹಳೆಯ ಜೊತೆಗಾರರಿಗೆ ಆಗಲೇ ಫೋನ್ ಮಾಡಿ ಒಪ್ಪಿಸಿದ್ದಾರೆ. ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅರ್ಜಿಗೆ ಸಹಿ ಹಾಕಿಸಿಕೊಳ್ಳಬೇಕು.